ಕರಗುವ ಲೇಪನ, ಉಳಿಯಬೇಕಾದ ಹಲ್ಲು

ಹಲ್ಲಿನ ಇಂಪ್ಲಾಂಟ್ ಕೈಕೊಡುವುದು ಎರಡು ಕಾಲದಲ್ಲಿ. ದವಡೆಯಲ್ಲಿ ಕೂರಿಸಿದ ಮೊದಲ ಕೆಲವು ತಿಂಗಳಲ್ಲಿ ಮೂಳೆ ಅದನ್ನು ಹಿಡಿದುಕೊಳ್ಳದೆ ಹೋಗಬಹುದು. ಆಗ ಸುತ್ತ ಮೆತ್ತನೆಯ ನಾರಿನ ಪದರ ಬೆಳೆದು ತಿರುಪು ಅಲುಗಾಡುತ್ತದೆ, ತೆಗೆಯದೆ ವಿಧಿಯಿಲ್ಲ. ಇನ್ನೊಂದು ಕಾಲ ಬರುವುದು ತಡವಾಗಿ. ಎಲ್ಲ ಸರಿಯಾಗಿ ಕೂತು, ಮೇಲೆ ಹಲ್ಲು ಕಟ್ಟಿಸಿಕೊಂಡು, ನಿಪ್ಪಟ್ಟು ಕಡಲೆಬೀಜ ಅಗಿಯುತ್ತ ಎಂಟು ಹತ್ತು ವರ್ಷ ಕಳೆದ ಮೇಲೆ ಒಸಡಿನ ಅಂಚಿನಿಂದ ಸೋಂಕು ಕೆಳಗಿಳಿಯುತ್ತದೆ. ಮೂಳೆ ಮೇಲಿನಿಂದ ಸವೆಯುತ್ತ ಬಂದು ಎಕ್ಸ್-ರೇಯಲ್ಲಿ ತಿರುಪಿನ ಎಳೆಗಳು ಬರಿದಾಗಿ ಕಾಣುತ್ತವೆ. ಮೂಳೆಯೊಡನೆ ತಾವಾಗಿ ಬೆಸೆದುಕೊಳ್ಳುವ ಸೆರಾಮಿಕ್ ಲೇಪನಗಳು, ಅಂದರೆ ‘ಬಯೋಆಕ್ಟಿವ್’ ಎಂದು ಕರೆಸಿಕೊಳ್ಳುವ ಲೇಪನಗಳು, ಮೊದಲ ಕಾಲದ ತೊಂದರೆಗೆ ಮದ್ದು. ಅವನ್ನು ಮಾರುವ ಮಾತು ಮಾತ್ರ ಎರಡಕ್ಕೂ ಮದ್ದು ಎಂಬ ಭಾವನೆ ಹುಟ್ಟಿಸುತ್ತದೆ. ಎರಡನ್ನೂ ಬಿಡಿಸಿ ನೋಡಿದರೆ, ನಲವತ್ತು ವರ್ಷಗಳಲ್ಲಿ ಈ ಲೇಪನಗಳಿಗೆ ಸಿಕ್ಕ ಹೊಗಳಿಕೆಯೂ ಬಂದ ಬೈಗುಳವೂ ಯಾಕೆ ಅಳತೆ ಮೀರಿದವು ಎಂಬುದು ತಿಳಿಯುತ್ತದೆ.

ಲೇಪನವೇ ಇಲ್ಲದ ಇಂಪ್ಲಾಂಟ್‌ನಿಂದ ಕಥೆ ಶುರುವಾಗಬೇಕು. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವ ಬಗೆಯನ್ನು ಗಮನಿಸಲು ಟೈಟೇನಿಯಂನ ಪುಟ್ಟ ಉಪಕರಣವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಬಿಡಿಸಿಕೊಳ್ಳಲು ಹೋದರೆ ಬರಲೇ ಇಲ್ಲ. ಮೂಳೆ ಲೋಹಕ್ಕೆ ಅಂಟಿಕೊಂಡಂತೆ ಬೆಳೆದಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಅವರು ಮೊದಲ ರೋಗಿಯ ದವಡೆಗೆ ಟೈಟೇನಿಯಂ ತಿರುಪು ಹಾಕಿದರು. ಆ ಮನುಷ್ಯ ನಾಲ್ಕು ದಶಕ, ಸಾಯುವವರೆಗೂ, ಅದರಲ್ಲೇ ಉಂಡ. ಬ್ರೋನೆಮಾರ್ಕ್ ಪದ್ಧತಿಯ ಜೀವಾಳ ತಾಳ್ಮೆ. ಕೆಳದವಡೆಯಾದರೆ ಮೂರು ತಿಂಗಳು, ಮೇಲ್ದವಡೆಯಾದರೆ ಆರು ತಿಂಗಳು ತಿರುಪನ್ನು ಒಸಡಿನ ಕೆಳಗೆ ಹೂತಿಟ್ಟು ಕಾಯಬೇಕು, ಆಮೇಲಷ್ಟೇ ಹಲ್ಲು. ಟೈಟೇನಿಯಂ ಇಲ್ಲಿ ಏನನ್ನೂ ಮಾಡುವುದಿಲ್ಲ. ಗಾಳಿ ತಾಕಿದ ಕೂಡಲೇ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಆ ಪದರ ಯಾರ ತಂಟೆಗೂ ಹೋಗದಷ್ಟು ಸ್ಥಿರವಾದ್ದರಿಂದ ಮೂಳೆ ಅದನ್ನು ಪರಕೀಯವೆಂದು ದೂರ ತಳ್ಳದೆ ಪಕ್ಕದಲ್ಲೇ ಬೆಳೆಯುತ್ತದೆ. ಹಳೆಯ ಕಾಲದ ದಂತವೈದ್ಯರು ಇದನ್ನು ನಂಬಲಿಲ್ಲ. 1982ರ ಟೊರಾಂಟೊ ಸಮ್ಮೇಳನದಲ್ಲಿ ವರ್ಷಗಟ್ಟಲೆ ಬೆನ್ನುಹತ್ತಿ ದಾಖಲಿಸಿದ ರೋಗಿಗಳ ಲೆಕ್ಕ ಮುಂದಿಟ್ಟ ಮೇಲೆ ಉತ್ತರ ಅಮೆರಿಕ ಒಪ್ಪಿತು. ಅವರನ್ನು ಒಪ್ಪಿಸಿದ್ದು ದೀರ್ಘ ಕಾಲದ ಲೆಕ್ಕ ಎಂಬುದನ್ನು ನೆನಪಿನಲ್ಲಿಟ್ಟಿರೋಣ, ಮುಂದೆ ಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಆಲೋಚನೆ ಹುಟ್ಟಿದ್ದು ಒಂದು ಬಸ್ಸಿನಲ್ಲಿ. 1967ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಗಾಜುತಜ್ಞ ಲ್ಯಾರಿ ಹೆಂಚ್ ಒಂದು ಸಮ್ಮೇಳನಕ್ಕೆ ಹೋಗುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದವರು ವಿಯೆಟ್ನಾಂನಿಂದ ಆಗಷ್ಟೇ ಮರಳಿದ್ದ ಸೇನಾ ಕರ್ನಲ್. ಯುದ್ಧದಲ್ಲಿ ಕೈಕಾಲು ಕತ್ತರಿಸಿಕೊಳ್ಳುತ್ತಿದ್ದ ಹುಡುಗರನ್ನು ಕಂಡು ಬಂದವರು. ದೇಹ ತಿರಸ್ಕರಿಸದಂಥ ವಸ್ತುವೊಂದನ್ನು ಮಾಡಲು ಸಾಧ್ಯವೇ ಎಂದು ಅವರು ಕೇಳಿದರಂತೆ. ಹೆಂಚ್ ಅವರ ತರ್ಕ ಸರಳವಾಗಿತ್ತು: ಲೋಹ, ಪ್ಲಾಸ್ಟಿಕ್ ಯಾವುದೂ ದೇಹದಲ್ಲಿಲ್ಲ, ಆದ್ದರಿಂದ ದೇಹ ಅವುಗಳ ಸುತ್ತ ಗೋಡೆ ಕಟ್ಟುತ್ತದೆ, ಮೂಳೆಯ ಖನಿಜ ತಾನೇ ಮೇಲೆ ಮೂಡುವಂಥ ಗಾಜು ಮಾಡಿದರೆ ಹೇಗೆ? 1969ರಲ್ಲಿ ಕರಗಿಸಿದ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 45 ಭಾಗ ಸಿಲಿಕಾ, 24.5 ಸೋಡಿಯಂ ಆಕ್ಸೈಡ್, 24.5 ಕ್ಯಾಲ್ಸಿಯಂ ಆಕ್ಸೈಡ್, 6 ಫಾಸ್ಫರಸ್ ಪೆಂಟಾಕ್ಸೈಡ್ ಇದ್ದವು. ಇಲಿಯ ತೊಡೆಮೂಳೆಯಲ್ಲಿಟ್ಟ ಚೂರುಗಳು ಆರು ವಾರದ ನಂತರ ಎಷ್ಟು ಜಗ್ಗಿದರೂ ಬರಲಿಲ್ಲ. ಇದೇ ಬಯೋಗ್ಲಾಸ್ 45ಎಸ್5.

ಅದು ಅಂಟಿಕೊಂಡದ್ದು ಹೇಗೆ ಎಂಬುದರಲ್ಲಿ ಈ ಇಡೀ ವಿಷಯದ ಗುಟ್ಟಿದೆ. ದೇಹದ್ರವ ತಾಕಿದೊಡನೆ ಗಾಜಿನಿಂದ ಸೋಡಿಯಂ ಹೊರಬೀಳುತ್ತದೆ, ಅದರ ಜಾಗಕ್ಕೆ ನೀರಿನಿಂದ ಹೈಡ್ರೋಜನ್ ಒಳಹೋಗುತ್ತದೆ. ಮೈ ಸಿಲಿಕಾದ ಲೋಳೆಯಂತಾಗುತ್ತದೆ. ಆ ಲೋಳೆಯ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಕೂಡಿಕೊಂಡು ಮೂಳೆಯ ಖನಿಜವನ್ನೇ ಹೋಲುವ ಪದರ ಹರಳುಗಟ್ಟುತ್ತದೆ. ಅದರೊಳಗೆ ಕೊಲಾಜನ್ ಎಳೆಗಳು ಹೆಣೆದುಕೊಳ್ಳುತ್ತವೆ. ಅಂದರೆ ಗಾಜು ಮೂಳೆಗೆ ಬೆಸೆದುಕೊಳ್ಳುವುದು ತಾನು ಕರಗುವುದರಿಂದ. ಕರಗದ ಗಾಜು ಕಿಟಕಿಗೆ ಸರಿ, ಮೂಳೆಗೆ ಆಗದು. ಈ ವರ್ಗದ ಎಲ್ಲ ವಸ್ತುಗಳಿಗೂ ಹೆಚ್ಚುಕಡಿಮೆ ಇದೇ ಮಾತು ಸಲ್ಲುತ್ತದೆ. ಚಟುವಟಿಕೆ ಬೇಕಿದ್ದರೆ ಕರಗುವಿಕೆ ಬೇಕು, ಬಾಳಿಕೆ ಬೇಕಿದ್ದರೆ ಕರಗಬಾರದು. ಎರಡನ್ನೂ ಒಂದೇ ಪದರದಿಂದ ಪೂರ್ತಿಯಾಗಿ ಪಡೆಯುವುದು ಸಾಧ್ಯವಿಲ್ಲ ಎಂಬುದು ನನ್ನ ವಾದದ ಬುಡ.

ಹಲ್ಲಿನ ಇಂಪ್ಲಾಂಟ್‌ಗಳ ಮೇಲೆ ಗಾಜಿಗಿಂತ ಹೆಚ್ಚು ಓಡಾಡಿದ್ದು ಹೈಡ್ರಾಕ್ಸಿಅಪಟೈಟ್. ಹತ್ತು ಕ್ಯಾಲ್ಸಿಯಂ, ಆರು ಫಾಸ್ಫೇಟ್, ಎರಡು ಹೈಡ್ರಾಕ್ಸಿಲ್ ಸೇರಿದ ಖನಿಜ. ಕ್ಯಾಲ್ಸಿಯಂಗೂ ಫಾಸ್ಫರಸ್‌ಗೂ ಇರುವ ಅನುಪಾತ 1.67. ನಮ್ಮ ಮೂಳೆಯ ಗಟ್ಟಿ ಭಾಗವೂ ಹಲ್ಲಿನ ಎನಾಮಲ್ಲೂ ಇದರದೇ ರೂಪಾಂತರಗಳು. (ಪಾವಗಡ, ಮುಂಡರಗಿ, ಬಾಗೇಪಲ್ಲಿಯ ಕೊಳವೆಬಾವಿ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಾಣುವ ಕಂದು ಕಲೆಗೂ ಈ ಖನಿಜಕ್ಕೂ ಸಂಬಂಧವುಂಟು: ಹಲ್ಲು ರೂಪುಗೊಳ್ಳುವಾಗ ಅತಿಯಾದ ಫ್ಲೋರೈಡ್ ಎನಾಮಲ್ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ. ಅದೇ ಫ್ಲೋರೈಡ್ ಮಿತವಾಗಿ ಹೈಡ್ರಾಕ್ಸಿಲ್‌ನ ಜಾಗದಲ್ಲಿ ಕೂತರೆ ಹರಳು ಆಮ್ಲದಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಇಂಪ್ಲಾಂಟ್‌ಗೆ ಫ್ಲೋರ್‌ಅಪಟೈಟ್ ಬಳಿದು ನೋಡಿದವರಿದ್ದಾರೆ, ಕಾರಣ ಇದೇ.) ಹೈಡ್ರಾಕ್ಸಿಅಪಟೈಟ್ ಒಂದನ್ನೇ ಒತ್ತಿ ಸುಟ್ಟು ತಿರುಪು ಮಾಡಲಾಗದು, ಪಿಂಗಾಣಿಯ ಗುಣ, ಅಗಿತದ ಭಾರಕ್ಕೆ ಬಿರಿಯುತ್ತದೆ. ಬಲಕ್ಕೆ ಟೈಟೇನಿಯಂ, ಸ್ನೇಹಕ್ಕೆ ಅಪಟೈಟ್ ಎಂದು ಎರಡನ್ನೂ ಕೂಡಿಸುವ ಆಸೆ ಸಹಜವಾಗಿಯೇ ಹುಟ್ಟಿತು.

ಕೂಡಿಸುವ ದಾರಿ ಮಾತ್ರ ಒರಟಾದದ್ದು. ಪ್ಲಾಸ್ಮಾ ಸ್ಪ್ರೇ ಎಂಬ ಈ ವಿಧಾನ ಬಂದದ್ದು ಇಂಜಿನ್ ಭಾಗಗಳಿಗೆ ಲೇಪನ ಹಾಕುವ ಕಾರ್ಖಾನೆಗಳಿಂದ. ಎರಡು ವಿದ್ಯುದ್ವಾರಗಳ ನಡುವಿನ ಕಿಡಿಯಲ್ಲಿ ಆರ್ಗಾನ್‌ನಂಥ ಅನಿಲವನ್ನು ಹಾಯಿಸಿ 10,000 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವಾಲೆ ಎಬ್ಬಿಸುತ್ತಾರೆ. ಅದರೊಳಗೆ ಅಪಟೈಟ್ ಪುಡಿ ಸುರಿದರೆ ಕಣಗಳು ಅರೆಬರೆ ಕರಗಿ, ಭಾರಿ ವೇಗದಲ್ಲಿ ಹಾರಿ ಲೋಹಕ್ಕೆ ಬಡಿದು ಚಪ್ಪಟೆಯಾಗಿ ತಕ್ಷಣ ಗಟ್ಟಿಯಾಗುತ್ತವೆ. ಪದರದ ಮೇಲೆ ಪದರ ಕೂತು ಸುಮಾರು 50 ಮೈಕ್ರೋಮೀಟರ್ ದಪ್ಪವಾಗುತ್ತದೆ. ಜ್ವಾಲೆಯೊಳಗೆ ಹೋದದ್ದು ಶುದ್ಧ ಹೈಡ್ರಾಕ್ಸಿಅಪಟೈಟ್. ಲೋಹದ ಮೇಲೆ ಕೂತದ್ದು ಮಾತ್ರ ಹಲವು ವಸ್ತುಗಳ ಕಲಬೆರಕೆ. ಅಷ್ಟು ಬಿಸಿಗೆ ಹೈಡ್ರಾಕ್ಸಿಲ್ ಹಾರಿಹೋಗಿ ಒಂದಿಷ್ಟು ಭಾಗ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ, ಒಂದಿಷ್ಟು ಟೆಟ್ರಾಕ್ಯಾಲ್ಸಿಯಂ ಫಾಸ್ಫೇಟ್, ಕೆಲವೊಮ್ಮೆ ಬರಿಯ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ. ಥಟ್ಟನೆ ತಣಿದದ್ದರಿಂದ ಸಾಕಷ್ಟು ಭಾಗ ಹರಳುಗಟ್ಟದೆ ಉಳಿಯುತ್ತದೆ. ಹರಳುಗಟ್ಟದ ಭಾಗ ಹರಳಿಗಿಂತ ಎಷ್ಟೋ ಬೇಗ ಕರಗುತ್ತದೆ. ಹೀಗಾಗಿ ಎರಡು ಕಂಪನಿಗಳ ಡಬ್ಬಿಯ ಮೇಲೆ ಒಂದೇ ಹೆಸರಿದ್ದರೂ ಒಳಗಿನ ಲೇಪನ ಒಂದೇ ಆಗಿರಬೇಕಿಲ್ಲ. ಒಂದೇ ಕಾರ್ಖಾನೆಯ ಎರಡು ದಿನದ ಉತ್ಪನ್ನವೂ ಬೇರೆಯಾಗಬಹುದು. ಆಮೇಲೆ ಬಂದ ಐಎಸ್‌ಒ 13779 ಮಾನದಂಡ ಶುದ್ಧತೆ, ಹರಳಿನ ಪ್ರಮಾಣ, ಲೋಹಕ್ಕೆ ಅಂಟಿದ ಬಲ ಇವುಗಳಿಗೆ ಮಿತಿ ಹಾಕಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಇನ್ನೊಂದು ತೊಂದರೆ ಶಾಖದ್ದು. ಬಿಸಿಯಾದಾಗ ಅಪಟೈಟ್ ಹಿಗ್ಗುವಷ್ಟು ಟೈಟೇನಿಯಂ ಹಿಗ್ಗುವುದಿಲ್ಲ. ಆದ್ದರಿಂದ ತಣಿಯುವಾಗ ಲೇಪನ ಹೆಚ್ಚು ಕುಗ್ಗಲು ಎಳೆಯುತ್ತದೆ, ಲೋಹ ಬಿಡುವುದಿಲ್ಲ, ಪದರ ಹುಟ್ಟುವಾಗಲೇ ಬಿಗಿತ ಹೊತ್ತು ಹುಟ್ಟುತ್ತದೆ. ಮೂಳೆಗೂ ಅಪಟೈಟ್‌ಗೂ ಬೆಸುಗೆ ರಾಸಾಯನಿಕವಾದದ್ದು, ಗಟ್ಟಿ. ಅಪಟೈಟ್‌ಗೂ ಲೋಹಕ್ಕೂ ನಡುವಿನದು ಹೆಚ್ಚಿನ ಮಟ್ಟಿಗೆ ಒರಟು ಮೈಗೆ ಕಚ್ಚಿಕೊಂಡದ್ದಷ್ಟೇ. ಎಳೆತ ಜೋರಾದರೆ ಬಿಡುವುದು ಈ ಎರಡನೆಯದು, ತೇವ ಕುಡಿದ ಗೋಡೆಯ ಗಿಲಾವು ಹಪ್ಪಳದಂತೆ ಎದ್ದುಬರುವ ಹಾಗೆ.

1980ರ ದಶಕದಲ್ಲಿ ಇಂಥ ಇಂಪ್ಲಾಂಟ್‌ಗಳು ಮಾರುಕಟ್ಟೆಗೆ ಬಂದಾಗ ಉತ್ಸಾಹಕ್ಕೆ ಆಧಾರವಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬರಿಯ ಲೋಹಕ್ಕಿಂತ ಲೇಪನದ ಸುತ್ತ ಮೂಳೆ ಬೇಗ ಬೆಳೆಯುತ್ತಿತ್ತು, ಕಿತ್ತು ತೆಗೆಯಲು ಹೆಚ್ಚು ಬಲ ಬೇಕಾಗುತ್ತಿತ್ತು. ಮೇಲ್ದವಡೆಯ ಹಿಂಭಾಗದ ಮೂಳೆ ಸ್ಪಂಜಿನಂತೆ ಪೊಳ್ಳು. ಅಲ್ಲಿ ಬ್ರೋನೆಮಾರ್ಕ್‌ನ ನುಣುಪು ತಿರುಪು ಸೋಲುವುದು ಹೆಚ್ಚು. ಅಂಥಲ್ಲಿ ಲೇಪನ ಬಳಸಿ ಎಂಬ ಸಲಹೆಯಲ್ಲಿ ತಪ್ಪಿರಲಿಲ್ಲ. ದಶಕ ಕಳೆಯುವಷ್ಟರಲ್ಲಿ ದೂರುಗಳು ಬಂದವು: ಲೇಪನ ಸುಲಿದು ಬರುತ್ತಿದೆ, ಕರಗಿ ಮಾಯವಾಗುತ್ತಿದೆ, ಅದರ ಒರಟು ಮೈಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತಿವೆ. 1990ರ ದಶಕದ ದಂತವೈದ್ಯಕೀಯ ಪತ್ರಿಕೆಗಳಲ್ಲಿ ಈ ಇಂಪ್ಲಾಂಟ್‌ಗಳು ಟೈಂ ಬಾಂಬ್ ಎಂಬ ಧಾಟಿಯ ಮಾತೂ ಕೇಳಿಬಂತು. 2000ದಲ್ಲಿ ಅಷ್ಟರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು, ಲೇಪನವಿದ್ದ ಇಂಪ್ಲಾಂಟ್‌ಗಳ ಉಳಿವಿನ ಪ್ರಮಾಣ ಬರಿಯ ಟೈಟೇನಿಯಂನದಕ್ಕಿಂತ ಕೆಳಗಿದೆ ಎಂದು ತೋರಿಸುವ ಆಧಾರ ಸಿಗಲಿಲ್ಲ ಎಂದಿತು. ಭಯ ಅತಿಯಾಗಿತ್ತು ಎಂದಾಯಿತು. ಹಾಗಂತ ಮೊದಲ ಉತ್ಸಾಹ ಸರಿಯಾಗಿತ್ತು ಎಂದೂ ಆಗಲಿಲ್ಲ. ಹೆಚ್ಚು ದುಡ್ಡು ಕೊಟ್ಟು ಕೊಳ್ಳುವ ವಸ್ತು ಸಾದಾ ವಸ್ತುವಿಗಿಂತ ಕೆಳಗಿಲ್ಲ ಎಂಬುದು ದೊಡ್ಡ ಹೊಗಳಿಕೆಯೇನಲ್ಲ.

ಲೇಪನದ ಪಕ್ಷದವರು ಇಲ್ಲಿ ಸೊಂಟದ ಕೀಲನ್ನು ಎತ್ತುತ್ತಾರೆ. ಒಳ್ಳೆಯ ಆಕ್ಷೇಪ. 1985ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ರೊನಾಲ್ಡ್ ಫರ್ಲಾಂಗ್ ಇದೇ ಹೈಡ್ರಾಕ್ಸಿಅಪಟೈಟ್ ಬಳಿದ ಕೃತಕ ಸೊಂಟದ ಕೀಲನ್ನು ಮೊದಲ ಬಾರಿಗೆ ಕೂರಿಸಿದರು. ಆ ಜಾತಿಯ ಕೀಲುಗಳು ದಶಕಗಟ್ಟಲೆ ಚೆನ್ನಾಗಿ ನಡೆದಿವೆ. ಅದೇ ಪುಡಿ, ಅದೇ ಜ್ವಾಲೆ, ಅದೇ ಲೋಹ. ತೊಡೆಯಲ್ಲಿ ಗೆದ್ದದ್ದು ಬಾಯಲ್ಲಿ ಯಾಕೆ ತಡವರಿಸಿತು?

ಯಾಕೆಂದರೆ ತೊಡೆಮೂಳೆ ಮುಚ್ಚಿದ ಕೋಣೆ, ಬಾಯಿ ತೆರೆದ ಬಾಗಿಲು. ಸೊಂಟದ ಕೀಲು ಹಾಕಿ ಚರ್ಮ ಹೊಲಿದರೆ ಹೊರಗಿನ ಲೋಕದೊಡನೆ ಅದರ ನಂಟು ಮುಗಿಯಿತು. ಹಲ್ಲಿನ ಇಂಪ್ಲಾಂಟ್ ಜೀವನಪೂರ್ತಿ ಒಸಡನ್ನು ತೂರಿಕೊಂಡೇ ನಿಲ್ಲಬೇಕು, ಒಂದು ತುದಿ ಮೂಳೆಯಲ್ಲಿ, ಇನ್ನೊಂದು ತುದಿ ಎಂಜಲಿನಲ್ಲಿ. ಸಹಜ ಹಲ್ಲಿನ ಬೇರಿಗೆ ಒಸಡಿನ ನಾರುಗಳು ಅಡ್ಡಡ್ಡ ನಾಟಿಕೊಂಡು ಕಾವಲು ಕಾಯುತ್ತವೆ. ಇಂಪ್ಲಾಂಟ್‌ಗೆ ಆ ನಾಟಿಕೆ ಇಲ್ಲ, ನಾರುಗಳು ಅದರ ಪಕ್ಕದಲ್ಲಿ ಸುಮ್ಮನೆ ಒರಗಿಕೊಂಡಿರುತ್ತವೆ. ಸಂದಿಯಲ್ಲಿ ಇಳಿದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ, ಉರಿಯೂತದ ಜಾಗವೂ ಆಮ್ಲೀಯವಾಗುತ್ತದೆ. ಎನಾಮಲ್ ಕರಗಲು ಶುರುವಾಗುವುದು ಪಿಎಚ್ 5.5ರ ಆಸುಪಾಸಿನಲ್ಲಿ, ಲೇಪನವೂ ಅದೇ ಕುಲದ ಖನಿಜ. ಟೈಟೇನಿಯಂ ಹುಳುಕಾಗುವುದಿಲ್ಲ ಎಂಬುದು ಅದರ ದೊಡ್ಡ ಅನುಕೂಲವಾಗಿತ್ತು. ಮೂಳೆಯನ್ನು ಒಲಿಸಿಕೊಳ್ಳಲು ಅದರ ಮೇಲೆ ಅಪಟೈಟ್ ಬಳಿದಾಗ, ಕಳೆದುಹೋದ ಹಲ್ಲಿನ ದೌರ್ಬಲ್ಯವನ್ನೇ ನಾವು ಅದಕ್ಕೆ ಮರಳಿ ತೊಡಿಸಿದೆವು.

ಎರಡನೆಯ ಕಾಲದ ಸೋಲು ಎಷ್ಟು ಸಾಮಾನ್ಯ ಎಂಬುದಕ್ಕೆ 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಒಂದು ಅಳತೆ ಕೊಡುತ್ತದೆ. ಇಂಪ್ಲಾಂಟ್ ಹಾಕಿಸಿಕೊಂಡು ಸುಮಾರು ಒಂಬತ್ತು ವರ್ಷ ಕಳೆದಿದ್ದ 588 ಜನರನ್ನು ಪರೀಕ್ಷಿಸಿದಾಗ ಶೇ. 45ರಷ್ಟು ಮಂದಿಯಲ್ಲಿ ಇಂಪ್ಲಾಂಟ್ ಸುತ್ತಲಿನ ಸೋಂಕಿನ ಲಕ್ಷಣವೂ ಒಂದಿಷ್ಟು ಮೂಳೆ ಸವೆತವೂ ಕಂಡವು. ಎರಡು ಮಿಲಿಮೀಟರ್ ಮೀರಿ ಮೂಳೆ ಸವೆದಿದ್ದವರು ಶೇ. 14.5. ಇದು ಜಗತ್ತಿನ ಅತ್ಯುತ್ತಮ ದಂತ ಆರೈಕೆ ಇರುವ ದೇಶಗಳಲ್ಲೊಂದರ ಲೆಕ್ಕ. ಬೀಡಿ, ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹಿಂದೆ ಒಸಡು ರೋಗ ಇದ್ದದ್ದು, ಸರಿಯಾಗಿ ಉಜ್ಜಲಾಗದಂತೆ ಕಟ್ಟಿದ ಹಲ್ಲು: ಈ ತಡವಾದ ಸೋಲಿಗೆ ಕಾರಣಗಳ ಸಾಲು ಇದು. ಇದರಲ್ಲಿ ಯಾವುದನ್ನೂ ಲೇಪನ ಮುಟ್ಟುವುದಿಲ್ಲ.

ಇತ್ತ ಮೊದಲ ಕಾಲದ ಸಮಸ್ಯೆಗೆ ಕೂಡ ಬೇರೊಂದು ಉತ್ತರ ಸಿಕ್ಕಿಬಿಟ್ಟಿತ್ತು. 1990ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸ್ಟ್ರೌಮನ್ ಕಂಪನಿ, ಟೈಟೇನಿಯಂಗೆ ಮರಳಿನಂಥ ಕಣಗಳನ್ನು ಬೀಸಿ, ಆಮ್ಲದಲ್ಲಿ ಅದ್ದಿ, ಲೋಹದ ಮೈಯನ್ನೇ ಒರಟು ಮಾಡಿದ ಇಂಪ್ಲಾಂಟ್ ತಂದಿತು. ಕಾಯುವ ಅವಧಿ ಮೂರು ತಿಂಗಳಿಂದ ಆರು ವಾರಕ್ಕೆ ಇಳಿಯಿತು. ಸುಲಿಯಲು ಅಲ್ಲಿ ಏನೂ ಇಲ್ಲ, ಕರಗಲೂ ಇಲ್ಲ. ದಪ್ಪ ಅಪಟೈಟ್ ಲೇಪನ ಹಲ್ಲಿನ ಲೋಕದಲ್ಲಿ ಹಿಂದೆ ಸರಿದದ್ದು ಯಾವುದೋ ಹಗರಣದಿಂದಲ್ಲ. ಅದು ಕೊಡುತ್ತಿದ್ದ ಲಾಭದ ಬಹುಪಾಲನ್ನು ಅದರ ಅಪಾಯವಿಲ್ಲದೆ ಕೊಡುವ ಸಾದಾ ಉಪಾಯವೊಂದು ಬಂತು, ಅಷ್ಟೇ. ಅಂದಹಾಗೆ ಒರಟು ಲೋಹವೂ ಒಸಡಿನಿಂದ ಹೊರಗೆ ಇಣುಕಿದರೆ ಬ್ಯಾಕ್ಟೀರಿಯಾಗೆ ಆಸರೆ ಕೊಡುತ್ತದೆ. ಅದನ್ನು ದೇವರಂತೆ ಕೂರಿಸಬೇಕಿಲ್ಲ.

ಹಾಗಾದರೆ ಪ್ರಯೋಗಾಲಯಗಳಿಂದ ಹೊಸ ಬಯೋಆಕ್ಟಿವ್ ಲೇಪನಗಳ ಸುದ್ದಿ ಯಾಕೆ ನಿಲ್ಲುವುದಿಲ್ಲ? ಒಂದು ಕಾರಣ ಪರೀಕ್ಷೆಯ ಸುಲಭ. ಜಪಾನಿನ ತದಾಶಿ ಕೊಕುಬೊ ರೂಪಿಸಿದ ಒಂದು ದ್ರಾವಣವಿದೆ. ರಕ್ತದ ನೀರಿನಲ್ಲಿರುವ ಲವಣಗಳನ್ನು ಸರಿಸುಮಾರು ಅದೇ ಪ್ರಮಾಣದಲ್ಲಿ ಬೆರೆಸಿದ್ದು. ಅದರಲ್ಲಿ ವಸ್ತುವನ್ನು ಮುಳುಗಿಸಿಟ್ಟಾಗ ಮೈಮೇಲೆ ಅಪಟೈಟ್ ಮೂಡಿದರೆ ಅದು ಮೂಳೆಗೂ ಬೆಸೆದುಕೊಳ್ಳುತ್ತದೆ ಎಂಬುದು ಊಹೆ. ಅಗ್ಗದ, ಪ್ರಾಣಿಹಿಂಸೆಯಿಲ್ಲದ, ಕೆಲವು ವಾರದಲ್ಲಿ ಮುಗಿಯುವ ಪರೀಕ್ಷೆ; ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೂಕೋಸಿನ ಆಕಾರದ ಹರಳುಗಳ ಚೆಂದದ ಚಿತ್ರವೂ ಸಿಗುತ್ತದೆ. 2009ರಲ್ಲಿ ಬೋನರ್ ಮತ್ತು ಲೆಮೇತ್ರ್ ಎಂಬ ಸಂಶೋಧಕರು ಈ ಊಹೆಯನ್ನೇ ಪ್ರಶ್ನಿಸಿದರು. ದ್ರಾವಣದಲ್ಲಿ ಪಾಸಾದದ್ದು ದೇಹದಲ್ಲಿ ಬೆಸೆಯದೆ ಹೋಗಬಹುದು, ದ್ರಾವಣದಲ್ಲಿ ಸೋತದ್ದು ದೇಹದಲ್ಲಿ ಚೆನ್ನಾಗಿ ಬೆಸೆಯಬಹುದು ಎಂಬುದು ಅವರ ತಕರಾರು. ಬೇಗ ಕರಗುವ ಕೆಲವು ಕ್ಯಾಲ್ಸಿಯಂ ಫಾಸ್ಫೇಟ್‌ಗಳೇ ಎರಡನೆಯದಕ್ಕೆ ಸಾಕ್ಷಿ. ನನಗೆ ಇನ್ನೂ ದೊಡ್ಡದಾಗಿ ಕಾಣುವ ಕೊರತೆ ಬೇರೆ. ಆ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಇಲ್ಲ, ಅಗಿತ ಇಲ್ಲ, ಎಲೆಅಡಿಕೆ ಇಲ್ಲ, ಹತ್ತು ವರ್ಷವೂ ಇಲ್ಲ. ಆರೋಗ್ಯವಂತ ಮೊಲದ ಮೂಳೆಯಲ್ಲಿ ಹನ್ನೆರಡು ವಾರ ಇಟ್ಟು ನೋಡುವ ಪ್ರಯೋಗಕ್ಕೂ ಇದೇ ಮಾತು. ನಾವು ಅಳೆಯುತ್ತಿರುವುದೆಲ್ಲ ಮೊದಲ ಕಾಲವನ್ನು. ಸೋಲು ಕೂತು ಕಾಯುತ್ತಿರುವುದು ಎರಡನೆಯದರಲ್ಲಿ.

ಹೊಸ ತಲೆಮಾರಿನ ಲೇಪನಗಳನ್ನು ಹಳೆಯದರ ಜೊತೆ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಬ್ರೋನೆಮಾರ್ಕ್‌ನ ಊರಾದ ಗೋಥೆನ್‌ಬರ್ಗ್‌ನದೇ ಪ್ರೊಮಿಮಿಕ್ ಎಂಬ ಕಂಪನಿ ಸುಮಾರು 20 ನ್ಯಾನೋಮೀಟರ್ ದಪ್ಪದ ಅಪಟೈಟ್ ಪದರ ಹಚ್ಚುತ್ತದೆ. ಹಳೆಯ 50 ಮೈಕ್ರೋಮೀಟರ್‌ಗೆ ಹೋಲಿಸಿದರೆ ಇದು ಎರಡೂವರೆ ಸಾವಿರದ ಒಂದು ಭಾಗ. ಇಷ್ಟು ತೆಳ್ಳಗಿದ್ದರೆ ಹಪ್ಪಳದಂಥ ಚೂರಾಗಿ ಎದ್ದುಬರುವ ಪ್ರಶ್ನೆಯೇ ಇಲ್ಲ. ಕೆಲಸ ಮುಗಿಸಿ ಕರಗಿಹೋದರೂ ಕೆಳಗೆ ಉಳಿಯುವುದು ಪರಿಚಿತವಾದ ಟೈಟೇನಿಯಂ. ಲೇಪನ ಶಾಶ್ವತವಾಗಿರಬೇಕು ಎಂಬ ಹಟ ಬಿಟ್ಟು, ಮೊದಲ ವಾರಗಳಲ್ಲಿ ಮೂಳೆಯನ್ನು ಕರೆದು ತಾನು ಮರೆಯಾಗಲಿ ಎಂದು ಒಪ್ಪಿಕೊಂಡ ವಿನ್ಯಾಸ ಇದು. ಕರಗುವಿಕೆಯ ಜೊತೆ ಜಗಳವಾಡದ ಈ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹಾಗೆ ಒಪ್ಪಿದ ಮೇಲೆ ಹೇಳಿಕೊಳ್ಳುವ ಮಾತೂ ಅಷ್ಟಕ್ಕೇ ನಿಲ್ಲಬೇಕು. ಆರು ವಾರದಲ್ಲಿ ಮರೆಯಾಗುವ ಪದರದ ಹೆಸರಿನಲ್ಲಿ ಇಪ್ಪತ್ತು ವರ್ಷದ ಭರವಸೆ ಮಾರುವಂತಿಲ್ಲ. ಮೇಲ್ದವಡೆಯ ಪೊಳ್ಳು ಮೂಳೆ, ಕ್ಯಾನ್ಸರ್‌ಗೆ ವಿಕಿರಣ ಪಡೆದ ದವಡೆ, ಬೇಗ ಹಲ್ಲು ಕಟ್ಟಲೇಬೇಕಾದ ಸಂದರ್ಭ, ಇಂಥ ಕಡೆ ಮೊದಲ ಕಾಲದ ಅಪಾಯ ನಿಜಕ್ಕೂ ದೊಡ್ಡದು. ಅಲ್ಲಿ ಹೆಚ್ಚು ಖರ್ಚಿಗೆ ಅರ್ಥವಿದೆ. ಕೆಳದವಡೆಯ ಮುಂಭಾಗದ ಗಟ್ಟಿ ಮೂಳೆಯಲ್ಲಿ ಸಾದಾ ತಿರುಪೇ ಚೆನ್ನಾಗಿ ಕೂರುವಾಗ ಅದೇ ಲೇಪನಕ್ಕೆ ದುಡ್ಡು ಕೊಡುವುದು ದಂಡ. ಬೆಳ್ಳಿ, ಸತು, ಆ್ಯಂಟಿಬಯಾಟಿಕ್ ತುಂಬಿದ ಲೇಪನಗಳು ಎರಡನೆಯ ಕಾಲಕ್ಕೂ ಕೈ ಚಾಚುತ್ತೇವೆ ಎನ್ನುತ್ತವೆ. ಪದರದಲ್ಲಿರುವ ಮದ್ದಿನ ದಾಸ್ತಾನು ಸಣ್ಣದು, ಬಾಯಿಯ ಬ್ಯಾಕ್ಟೀರಿಯಾದ ದಾಸ್ತಾನು ಮುಗಿಯದ್ದು. ಇದನ್ನು ಅವರು ಹೇಗೆ ಗೆಲ್ಲುತ್ತಾರೆಂದು ಕಾದು ನೋಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಮೂಳೆ ಮತ್ತು ಹಲ್ಲಿನ ಚಿಕಿತ್ಸೆಗೆ ಬೇಕಾದ ಇಂಥ ವಸ್ತುಗಳ ಮೇಲೆ ವರ್ಷಗಳಿಂದ ದುಡಿದಿದೆ. ವಸ್ತು ತಯಾರಿಸುವ ವಿದ್ಯೆಗೆ ನಾವು ಹೊರಗಿನವರಲ್ಲ. ಕೊರತೆ ಇರುವುದು ಬಳಸಿದ ಮೇಲಿನ ಲೆಕ್ಕದಲ್ಲಿ. 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಇಂಪ್ಲಾಂಟ್‌ಗೆ ಪರವಾನಗಿ ಬೇಕು, ಸರಿ. ಪರವಾನಗಿ ಸಿಕ್ಕಿದ ಮಾತ್ರಕ್ಕೆ ಹತ್ತನೆಯ ವರ್ಷದಲ್ಲಿ ಅದು ಹೇಗಿರುತ್ತದೆ ಎಂಬುದು ಯಾರಿಗೂ ತಿಳಿದಂತಾಗುವುದಿಲ್ಲ. ಸ್ವೀಡನ್ ಸೊಂಟದ ಕೀಲುಗಳಿಗೆ 1979ರಿಂದಲೇ ರಾಷ್ಟ್ರೀಯ ದಾಖಲೆ ಇಟ್ಟುಕೊಂಡು ಬಂದಿದೆ. ನಾನು ಮೇಲೆ ಹೇಳಿದ 588 ಜನರ ಅಧ್ಯಯನ ಕೂಡ ಸಾಧ್ಯವಾದದ್ದು ಅಲ್ಲಿನ ಸಾಮಾಜಿಕ ವಿಮೆಯ ಕಡತಗಳಲ್ಲಿ ಯಾರಿಗೆ ಯಾವಾಗ ಇಂಪ್ಲಾಂಟ್ ಹಾಕಿದರು ಎಂಬ ವಿವರ ಇದ್ದದ್ದರಿಂದ. ಕಂಪನಿಯ ಕರಪತ್ರ ಹೇಳದ ಶೇ. 45ರ ಸತ್ಯವನ್ನು ಕಡತ ಹೇಳಿತು.

ನಮ್ಮಲ್ಲಿ ಹಲ್ಲಿನ ಇಂಪ್ಲಾಂಟ್‌ಗೆ ಅಂಥ ಕಡ್ಡಾಯ ರಾಷ್ಟ್ರೀಯ ದಾಖಲೆ ಇಲ್ಲ. ಹುಬ್ಬಳ್ಳಿಯ ಕ್ಲಿನಿಕ್ಕಿನಲ್ಲಿ ತಿರುಪು ಹಾಕಿಸಿಕೊಂಡವರು ಐದು ವರ್ಷದ ಮೇಲೆ ಮೈಸೂರಿಗೆ ವರ್ಗವಾಗಿ ಅಲ್ಲಿ ಕೀವು ತುಂಬಿದ ಒಸಡು ತೋರಿಸಿದರೆ, ಹೊಸ ವೈದ್ಯರಿಗೆ ಒಳಗಿರುವುದು ಯಾವ ಕಂಪನಿಯದು, ಲೇಪನ ಇತ್ತೇ ಇಲ್ಲವೇ ಎಂಬುದೇ ತಿಳಿಯದೆ ಹೋಗಬಹುದು. ಈ ಸೋಲು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ದೇಶದಲ್ಲಿ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿನ ಕಾಲೇಜುಗಳೆಲ್ಲ ತಮ್ಮ ಕುರ್ಚಿಯಲ್ಲಿ ಕೂತ ರೋಗಿಯ ವಯಸ್ಸು, ತಂಬಾಕು, ಸಕ್ಕರೆ, ಇಂಪ್ಲಾಂಟ್‌ನ ಹೆಸರು ಮತ್ತು ಲಾಟ್ ಸಂಖ್ಯೆ, ಮೈಯ ಬಗೆ, ವರ್ಷಕ್ಕೊಮ್ಮೆ ತೆಗೆದ ಎಕ್ಸ್-ರೇಯಲ್ಲಿ ಮೂಳೆಯ ಎತ್ತರ, ಇಷ್ಟನ್ನು ಒಂದೇ ನಮೂನೆಯಲ್ಲಿ ಬರೆದಿಡಲು ಶುರು ಮಾಡಿದರೆ ಹತ್ತು ವರ್ಷದಲ್ಲಿ ಯಾವ ಲೇಪನ ನಮ್ಮ ಬಾಯಲ್ಲಿ ಬಾಳುತ್ತದೆ ಎಂಬುದಕ್ಕೆ ನಮ್ಮದೇ ಉತ್ತರ ಇರುತ್ತದೆ. ಇಂಪ್ಲಾಂಟ್ ಪೊಟ್ಟಣದ ಜೊತೆ ಕಿತ್ತು ಅಂಟಿಸುವ ಚೀಟಿ ಬರುತ್ತದೆ, ಹೆಸರು, ಅಳತೆ, ಲಾಟ್ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಅಂಥ ದಾಖಲೆ ಶುರುವಾಗುವವರೆಗೆ, ಹಲ್ಲು ಕಟ್ಟಿಸಿಕೊಳ್ಳುವವರು ಬಿಲ್ಲಿನ ಜೊತೆ ಅದರದೊಂದು ಪ್ರತಿ ಕೇಳಿ ಪಡೆದುಕೊಳ್ಳಬಹುದು.